ಬಿಪಿ ಮಾತ್ರೆ, ಮಂಡಲದ ಹಾವು

ಎಷ್ಟು ಚಿಕ್ಕದು ಇದು, ಅವರೆಕಾಳಿನ ಅರ್ಧವೂ ಇಲ್ಲ, ಅಂಗೈ ಬೆವರಿಗೆ ಆಗಲೇ ಕೆಂಪಗೆ ಬಣ್ಣ ಬಿಡ್ತಾ ಅದೆ, ಬೇಗ ನುಂಗಿ ಅತ್ತೆ, ಕರಗೋಯ್ತದೆ ಅಂತ ಒಲೆ ಮುಂದಿಂದ ಸೊಸೆ ಸುನೀತಾ, ನುಂಗ್ತೀನಿ ಕಣವ್ವ, ತಡಿ, ಒಂದು ಗಳಿಗೆ ನೋಡ್ಕತೀನಿ — ಹೋದ ಬೇಸಿಗೇಲಿ ಇದನ್ನೇ ಬಿಟ್ಟುಬಿಟ್ಟಿದ್ದೆ, ನೋವಿಲ್ಲ, ಜ್ವರ ಇಲ್ಲ, ಕಣ್ಣಿಗೆ ಕಾಣದ ರೋಗಕ್ಕೆ ಮಾತ್ರೆ ಯಾಕೆ ಅಂತ ಗೋಡೆ ಗೂಡಿಗೆ ಸೇರಿಸಿ ಡೈರಿಗೆ ಹಾಲು ಹಾಕ್ದೆ, ಕಳೆ ಕಿತ್ತೆ, ಚೆನ್ನಾಗೇ ಇದ್ದೆ, ಆಮೇಲೆ ಕಾಲು ಊದ್ತು, ಆಮೇಲೆ ಮಲಗಿದ್ರೆ ಉಸಿರು ಸಿಗದು, ಹೋದ ಭಾನುವಾರ ಕೊಟ್ಟಿಗೆ ಬಾಗಿಲಲ್ಲೇ ಕುಸಿದೆ, ಕಪಿಲೆ ಹೊಳೆ ಎದೆಯೊಳಕ್ಕೇ ನುಗ್ಗಿದಂಗೆ, ಒಣನೆಲದ ಮೇಲೆ ಮುಳುಗೋದು ಅಂದ್ರೆ ಏನು ಅಂತ ಆವತ್ತು ಗೊತ್ತಾಯ್ತು, ಮಗ ಹೇಮಂತ ಕಾರಲ್ಲಿ ಹಾಕ್ಕಂಡು ಕಳಲೆಯಿಂದ ನಂಜನಗೂಡಿಗೆ, ಅವ್ವ ಕಣ್ಬುಡು, ಅವ್ವ ಕಣ್ಬುಡು ಅಂತ ದಾರಿಯುದ್ದಕ್ಕೂ, ಆಸ್ಪತ್ರೇಲಿ ಮೂಗಿಗೆ ಮಾಸ್ಕು, ಕೈ ನರಕ್ಕೆ ಒಂದು ಸೂಜಿ, ಅಷ್ಟೇ, ಎದೇಲಿದ್ದ ನೀರು ಉಚ್ಚೆಯಾಗಿ ಹೋಯ್ತಾ ಹೋಯ್ತಾ ಉಸಿರು ತಣ್ಣಗೆ ತಳ ಮುಟ್ತು, ಗಾಳಿಗೂ ರುಚಿ ಅದೆ ಅಂತ ಈ ವಯಸ್ಸಲ್ಲಿ ತಿಳೀತು. ಡಾಕ್ಟರಮ್ಮ, ಬಿಂದುಶ್ರೀ ಅಂತ ಹೆಸರು, ಮಂಚದ ಅಂಚಿಗೆ ಕೂತ್ಕಂಡು, ಮುದ್ದಮ್ಮೋರೆ, ಏರಿದ ಬಿಪಿಗೆ ಎದುರಾಗಿ ನೂಕಿ ನೂಕಿ ನಿಮ್ಮ ಹೃದಯ ದಣಿದು ಊದಿದೆ, ಈ ಮಾತ್ರೆ ಅದರ ಭಾರ ಇಳಿಸುತ್ತೆ, ಇನ್ನು ಬಿಟ್ಟರೆ ಉಳಿಯೋದು ಕಷ್ಟ ಅಂದ್ರು, ಇದನ್ನ ಯಾವುದ್ರಲ್ಲಿ ಮಾಡ್ತಾರವ್ವ, ಬೇರಲ್ಲೋ ಸೊಪ್ಪಲ್ಲೋ ಅಂತ ಸುಮ್ಮನೆ ಕೇಳ್ದೆ, ಅವರು ನಕ್ಕು, ಇದರ ಗುಟ್ಟು ಸಿಕ್ಕಿದ್ದು ಹಾವಿನ ವಿಷದಲ್ಲಿ ಅಂದ್ರು, ಬ್ರೆಜಿಲ್ ಅನ್ನೋ ದೇಶದಲ್ಲಿ ನಮ್ಮ ಮಂಡಲದ ಹಾವಿನ ಜಾತೀದೇ ಒಂದು ಹಾವಂತೆ, ಅದು ಕಚ್ಚಿದರೆ ಬಿಪಿ ಕುಸಿದು ಬೀಳ್ತಾರಂತೆ ಜನ, ಯಾಕೆ ಹಂಗೆ ಅಂತ ಹುಡುಕ್ತಾ ಹೋದವರಿಗೆ ಈ ದಾರಿ ಕಾಣಿಸ್ತಂತೆ, ಮಾತ್ರೇಲಿ ವಿಷ ಇಲ್ಲ, ಹೆದರ್ಬೇಡಿ, ವಿಷ ದಾರಿ ತೋರಿಸ್ತು ಅಷ್ಟೇ.

ಅವರಿಗೇನು ಗೊತ್ತು, ನಮ್ಮೆಜಮಾನ್ರು ಮಾದಪ್ಪನ ಕಥೆ, ಗದ್ದೆ ಬದುವಲ್ಲಿ ಕಾಲಿಗೆ ಕೊಳಕುಮಂಡಲ ಕಚ್ಚಿದ್ರೂ ಹುಲ್ಲಿನ ಹೊರೆ ಇಳಿಸದೆ ನಡೆದು ಬಂದು ಹಸೀನ ಮುಂದೆ ಹಾಕಿ, ಮುದ್ದಿ, ಏನೋ ಚುಚ್ತು ಕಣೆ, ಗಾಬ್ರಿ ಆಗ್ಬ್ಯಾಡ ಅಂದ್ರು, ಒಸಡಲ್ಲಿ ರಕ್ತ, ಒರೆಸಿದಷ್ಟೂ ರಕ್ತ, ಬೆಳಕು ಹರಿಯೋ ಹೊತ್ತಿಗೆ ಇಲ್ಲ, ಹೇಮಂತ ಆಗ ಸೊಂಟದ ಮೇಲಿನ ಕೂಸು — ಆಸ್ಪತ್ರೇಲಿ ಮಾತ್ರೆ ಬಾಯಿಗಿಟ್ರೆ ಹಲ್ಲು ಕಚ್ಕಂಡೆ, ಅವರನ್ನ ತಿಂದಿದ್ದನ್ನ ನಾನು ಹೆಂಗೆ ತಿನ್ಲಿ, ನರ್ಸು ಬೈದ್ರು, ಸುನೀತಾ ಅತ್ಲು, ಹೇಮಂತ ಕೈ ಹಿಡ್ಕಂಡು ಕೂತಿದ್ದು ಆಮೇಲೆ ಮೆಲ್ಲಗೆ, ಅವ್ವ, ಅಪ್ಪನ್ನ ತಕ್ಕಂಡ್ತು, ನಿನ್ನಾದ್ರೂ ಕೊಡ್ಲಿ ಬುಡು ಅಂದ, ಅವನಿಗೆ ಅಪ್ಪನ ಮುಖಾನೇ ನೆನಪಿಲ್ಲ, ಬಾಯಿ ತೆರೆದೆ. ಈಗ ಮನೇಗೆ ಬಂದು ನಾನೇ ಅಂಗೈಲಿ ಇಟ್ಕಂಡಿವ್ನಿ, ಅದ್ಯಾರೋ, ಯಾವ ತಾಯಿ ಹೆತ್ತವರೋ, ನಾವು ದೊಣ್ಣೆ ಹುಡುಕೋ ಹೊತ್ತಲ್ಲಿ ಅವರು ವಿಷಾನ ಗಾಜಲ್ಲಿ ಹಿಡಿದು, ನಿನ್ನೊಳಗೆ ಏನದೆ ಹೇಳು ಅಂತ ಕೇಳಿದ್ರಲ್ಲ, ಅದೂ ಹೇಳ್ತಲ್ಲ, ಕೊಲ್ಲೋದ್ರೊಳಗೆ ಕಾಯೋದನ್ನ ಇಟ್ಟವನು ಯಾವನಪ್ಪ, ನಂಜುಂಡ, ನಂಜು ಉಂಡವನೇ, ನೀನೇನಾ — ನೀರು, ಗಂಟಲು, ಇಳೀತು, ಎದೇಲಿ ಡುಬ್ ಡುಬ್, ನಿದಾನಕ್ಕೆ, ಇವತ್ತೂ ಬಡೀತಾ ಅದೆ ಇದು, ನಮ್ಮೆಜಮಾನ್ರನ್ನ ಮಣ್ಣು ಮಾಡಿದ ಮಾರನೇ ದಿನ ಊರೋರು ಆ ಹಾವನ್ನ ಹುಡುಕಿ ಬಡಿದು ಬದುವಿನ ಮೇಲೆ ಎಸೆದಿದ್ರು, ಉಗೀಬೇಕು ಅಂತ ಹೋದೋಳು ಬಗ್ಗಿ ನೋಡ್ದೆ, ತೆರೆದ ಬಾಯಿ, ಬಾಗಿದ ಹಲ್ಲು, ಹಲ್ಲಿನ ತುದೀಲಿ ಒಂದು ಹನಿ, ಜೇನಿನಂಗೆ ತಿಳಿಹಳದಿ, ಎಳೆಬಿಸಿಲು ಹಿಡಿದು ಮಿಂಚ್ತಿತ್ತು, ಉಗಿಯೋಕೆ ಆಗ್ಲಿಲ್ಲ, ಆ ಹನಿ, ಎಷ್ಟು ಚೆಂದಾಗಿತ್ತು, ಬೀಳದೆ ನಿಂತಿದ್ದ ಆ ಹನಿ, ಆ ಹನಿ