ಗಂಡಸರನ್ನು ಅಳೆದ ಗುಂಡುಕಲ್ಲು

ನಾನು ಒಂದು ಗುಂಡುಕಲ್ಲು. ಕಲ್ಲುಕುಟಿಗನೊಬ್ಬ ನನ್ನನ್ನು ಬಂಡೆಯಿಂದ ಬಿಡಿಸಿ, ಮೂಲೆಗಳನ್ನೆಲ್ಲ ಕೆತ್ತಿ ನುಣ್ಣಗೆ ಮಾಡಿ, ಊರಿನ ಗರಡಿಮನೆಯ ಮುಂದೆ ಉರುಳಿಸಿ ಹೋದ. ಹಿಡಿದುಕೊಳ್ಳಲು ಎಲ್ಲೂ ಒಂದು ಅಂಚು ಉಳಿಸಲಿಲ್ಲ, ಪುಣ್ಯಾತ್ಮ! ಬೇಕೆಂದೇ ಹಾಗೆ ಮಾಡಿದ್ದ.

ಮೀಸೆ ಚಿಗುರಿದ ಹುಡುಗ ನನ್ನನ್ನು ಹೆಗಲಿಗೆ ಏರಿಸಬೇಕು. ಏರಿಸಿದರೆ ಗರಡಿಯ ಉಸ್ತಾದರು ಅವನ ತಲೆಗೆ ರುಮಾಲು ಸುತ್ತುತ್ತಾರೆ. ಅಂದಿನಿಂದ ಅವನು ಗಂಡಸು. ಕಟ್ಟೆಯ ಮೇಲೆ ಹಿರಿಯರ ಸಾಲಿನಲ್ಲಿ ಕೂರಬಹುದು. ಎತ್ತುವಾಗ ಯಾರೂ ಅವನನ್ನು ಮುಟ್ಟಬಾರದು. ಮುಟ್ಟಿದರೆ ಎತ್ತಿದ್ದು ಲೆಕ್ಕಕ್ಕಿಲ್ಲ. ಇದನ್ನು ಯಾವ ದೇವರು ಹೇಳಿದನೋ ಕಾಣೆ. ನನ್ನನ್ನಂತೂ ಯಾರೂ ಕೇಳಲಿಲ್ಲ.

ದ್ಯಾಮಣ್ಣ ನನ್ನನ್ನು ಎತ್ತಿದ್ದ. ಅವನ ಅಪ್ಪನೂ ಎತ್ತಿದ್ದ. ಮಗ ಸಂಗನಬಸುವಿಗೆ ಹದಿನೆಂಟು ತುಂಬಿತು. ಹುಡುಗ ಸಣಕಲ.

"ಬರೋ ವರ್ಷ ಎತ್ತಲಿ ಬಿಡೋ, ಇನ್ನಾ ಎಳೀ ಕೂಸು," ಎಂದರು ಉಸ್ತಾದ ಮೌಲಾಸಾಬರು.

"ಈ ವರ್ಷನಽ ಎತ್ತತಾನ್ರೀ. ಮಂದಿ ಮುಂದ ನಾ ತೆಲಿ ತಗ್ಗಿಸಾಂವ ಅಲ್ಲ," ಎಂದ ದ್ಯಾಮಣ್ಣ.

ಎತ್ತುವ ದಿನ ಬಂತು. ಹುಡುಗನ ಎದೆ ನನಗೆ ಒತ್ತಿಕೊಂಡಿತು. ಡವಡವ ಎನ್ನುತ್ತಿತ್ತು. ಮೊಣಕಾಲಿಗೆ ಬಂದೆ, ಹೊಟ್ಟೆಗೆ ಬಂದೆ, ಹೆಗಲಿಗೂ ಹೋದೆ. ಅಲ್ಲಿ ಅವನ ಕಾಲು ನಡುಗಿತು. ಪಕ್ಕದಲ್ಲೇ ನಿಂತಿದ್ದ ದ್ಯಾಮಣ್ಣನ ಎರಡೂ ಕೈ ಮುಂದೆ ಬಂದವು. ಬಂದವು, ಮತ್ತೆ ಹಿಂದಕ್ಕೆ ಹೋದವು. ನಾನು ಜಾರಿ ಹುಡುಗನ ಪಾದದ ಮೇಲೆ ಬಿದ್ದೆ.

ಅವನು ಚೀರಲಿಲ್ಲ.

"ಹೆಗಲಿಗೆ ಏರಿತ್ರೀ! ಎಲ್ಲಾರೂ ನೋಡ್ಯಾರ!" ಎಂದು ದ್ಯಾಮಣ್ಣನೇ ಕೂಗಿದ. ಜನ ಹೌದೆಂದರು. ಆಸ್ಪತ್ರೆಗೆ ಒಯ್ಯಲು ಜೀಪಿಗೆ ಹಾಕುವ ಮೊದಲು ಹುಡುಗನಿಗೆ ರುಮಾಲು ಸುತ್ತಿದರು. ನನ್ನ ಮೇಲಿನ ರಕ್ತಕ್ಕೆ ಒಂದು ಕೊಡ ನೀರು ಹೊಯ್ದರು. ನನಗೇನೂ ಅನಿಸಲಿಲ್ಲ. ಕಲ್ಲಿಗೆ ಅನಿಸುವುದಾದರೂ ಏನು?

ಬರುಬರುತ್ತಾ ಗರಡಿಮನೆಗೆ ಬೀಗ ಬಿತ್ತು. ಈಗಿನ ಹುಡುಗರು ಕನ್ನಡಿ ಹಾಕಿದ ಜಿಮ್ಮಿಗೆ ಹೋಗುತ್ತಾರಂತೆ, ಎತ್ತಿದ್ದನ್ನು ಮೊಬೈಲಿನಲ್ಲಿ ಊರಿಗೆಲ್ಲ ತೋರಿಸುತ್ತಾರಂತೆ. ನಾನು ಗೋಡೆಯ ಬುಡದಲ್ಲಿ ಬಿದ್ದಿದ್ದೇನೆ. ನಾಯಿ ಬಂದು ಕಾಲೆತ್ತುತ್ತದೆ. ಎತ್ತಲಿ ಬಿಡಿ.

ಮೊನ್ನೆ ಸಂಜೆ ಮುದುಕ ದ್ಯಾಮಣ್ಣ ಬಂದು ನನ್ನ ಮೇಲೆ ಕುಳಿತ. ಊಟಕ್ಕೆ ಕರೆಯಲು ಮಗ ಕುಂಟುತ್ತ ಬಂದ. ಅವನ ಮೀಸೆಯೂ ಈಗ ನರೆತಿದೆ. ಮುದುಕ ನೆಲ ನೋಡುತ್ತ ಕೇಳಿದ:

"ಅವತ್ತು... ಭಾಳ ನೋವಾಗಿತ್ತೇನೋ, ಸಂಗೂ?"

ಇಷ್ಟು ವರ್ಷಗಳಲ್ಲಿ ಇದೇ ಮೊದಲು ಕೇಳಿದ್ದು. ಹೌದು ಎಂಬ ಒಂದು ಮಾತಿಗೆ ಕಾಯುತ್ತ ಮುದುಕ ಕೂತಿದ್ದ. ಆ ಮಾತು ಬಂದಿದ್ದರೆ ಅತ್ತೇಬಿಡುತ್ತಿದ್ದ.

"ಇಲ್ಲಪಾ," ಎಂದ ಮಗ. "ಏನೂ ಆಗಿದ್ದಿಲ್ಲ. ಏಳು, ರೊಟ್ಟಿ ಆರತಾವು."

ಮುದುಕ ಎದ್ದ. ಇಬ್ಬರು ಗಂಡಸರೂ ಮನೆಗೆ ಹೋದರು.