ಹಗ್ಗ ಬಿಟ್ಟರೆ ಹಗುರ

ಹಾಸಿಗೆ ಮನೆಯಲ್ಲಿ ಬಿಟ್ಟಷ್ಟೂ ಕಾಲು ಚಾಚು — ಚಾಚಿದ್ದೇನೆ, ಬಲಗಾಲು, ಅದರ ಕೆಳಗೆ ಗಾಳಿ, ಬರೀ ಗಾಳಿ, ಮೂಗಿನೆದುರು ಬಂಡೆಯ ಮೇಲೊಂದು ಕೆಂಪಿರುವೆ ನನಗಿಂತ ಧೈರ್ಯವಾಗಿ ಇಳಿಯುತ್ತಿದೆ, ಬೆಳಗಿನಿಂದ ಜಾರಿದೆ ಜಾರಿದೆ ಎಂದು ಅರಚಿದ್ದೆಲ್ಲ ಸುಳ್ಳು, ಈ ಕಥೆಯೊಂದೇ ಖರೆ, ಈ ಅಲ್ಮಾಸ, ನಾನೇ, ಜಾರಿದ್ದಾಳೆ, ಗೋಕಾಕದ ಗುಡ್ಡದ ಅಂಚಿಗಿಂತ ಎರಡಾಳು ಕೆಳಗೆ ಬೇರು ಹಿಡಿದು ನೇತಾಡುತ್ತಿದ್ದಾಳೆ, ನೇತಾಡುವುದು ಹಗ್ಗದ ಕೆಲಸ, ನಮ್ಮನ್ನು ಗುಡ್ಡ ಹತ್ತಿಸಲು ಕರೆತಂದ ಲಖನನ ನೀಲಿ ಹಗ್ಗ ಈಗ ಧುಪದಾಳದ ಚಹಾದಂಗಡಿಯ ಮೊಳೆಗೆ ನೇತಾಡುತ್ತಿದೆ, ನೇತುಹಾಕಿದವಳು ನಾನೇ. ಲಖನ ಮುಖ ತೊಳೆಯಲು ಹೋದಾಗ ಅವನ ಚೀಲದಿಂದ ಎಳೆದೆ, ಯಾರೂ ನೋಡಲಿಲ್ಲ, ಅನುಮಾನ ಬರಬಾರದೆಂದು ಆ ಜಾಗಕ್ಕೆ ಗೋಕಾಕದ ಸಿಹಿ, ಕರದಂಟಿನ ಡಬ್ಬಿ ತುರುಕಿದೆ, ಗುಡ್ಡದ ನೆತ್ತಿಯಲ್ಲಿ ಅವನು ಚೀಲ ಬಿಚ್ಚಿದಾಗ ಹೇಳಬೇಕೆಂದು ಮಾತೂ ಹೊಸೆದಿಟ್ಟಿದ್ದೆ. ಚೀಲ ಹಗುರ ಇರ್ಲಿ ಅಲ್ಮಾಸ, ಅಂದಿದ್ದ ಲಖನ ಬೆಳಿಗ್ಗೆ, ಆದ್ರ ಏನ್ ಬಿಡಬೇಕು ಅನ್ನೂದು ತಿಳೀಬೇಕು, ಎರಡನೇ ಅಂಗಿ ಬಿಡು, ಹಾಸಿಗಿ ಬಿಡು, ಹಗ್ಗ ಬಿಡಬ್ಯಾಡ — ಅವನ ಮೂಗಿನ ದನಿಯಲ್ಲೇ ಅದನ್ನು ತಿರುಚಿ ಹೇಳಿ ತೋರಿಸಿದ್ದೆ, ಹಗ್ಗ ಬಿಟ್ರ ಹಗುರ, ಜೊತೆಗೆ ಬಂದ ಗೆಳತಿ ಭಾಗ್ಯಾ ಹೊಟ್ಟೆ ಹಿಡಿದು ನಕ್ಕಿದ್ದಳು, ಈಗ ನನ್ನ ಹೊಟ್ಟೆ ಬಂಡೆಗೆ ಅಂಟಿದೆ. ಮೂರು ಹಿಡಿ, ಆಮ್ಯಾಲ ಒಂದು ಬಿಡು, ಅದೂ ಅವನದೇ ಪಾಠ, ಎರಡು ಕೈ, ಎಡಗಾಲು, ಮೂರಾಯಿತು, ಬಿಡಲು ಏನಿದೆ, ಎಡಗಾಲೂ ಜಾರುತ್ತಿದೆ, ಯಾ ಅಲ್ಲಾ. ಲಖನ, ಜಾರೇನೋ, ಖರೇನ ಜಾರೇನಿ! ಯಾರ ದನಿ ತಗದಾಳೋ ಈಗ ಇಕಿ, ಮೇಲೆ ಭಾಗ್ಯಾ, ಮುಂಜಾನಿಂದ ನಾಕ್ ಸಲ ಸತ್ತಾಳ. ನನ್ನದೇ ದನಿ ಭಾಗ್ಯಾ, ಯಾರದ್ದೂ ಅಲ್ಲ, ನನಗೇ ಗುರುತು ಸಿಗಲಿಲ್ಲ, ಇಷ್ಟು ಸಣ್ಣದಿತ್ತೇ ಅದು, ಬಂಡೆಯ ಉಬ್ಬು ಅಡ್ಡ, ಅವರಿಗೆ ನಾನು ಕಾಣುವುದಿಲ್ಲ, ದನಿಯಷ್ಟೇ ಕೇಳುತ್ತದೆ, ನನ್ನ ದನಿಯನ್ನು ಯಾರು ನಂಬುತ್ತಾರೆ. ತಡೀ ತಾಯಿ, ಹಗ್ಗ ಬಿಡ್ತೀನಿ, ನಾಟಕಕ್ಕ ನಾಟಕ, ಲಖನನ ದನಿ, ಚೀಲದ ಜಿಪ್ಪು ಸರ್ರೆಂದಿತು, ಬೇಡ, ಬಿಚ್ಚಬೇಡ, ಕೆಳಗೆ ನೋಡು, ಕೆಳಗೆ. ಇರುವೆ ನನ್ನ ಬೆರಳು ಹತ್ತಿತು, ಕಚ್ಚಿತು, ಬೆರಳು ಬಿಡುವಂತಿಲ್ಲ. ಏ ಭಾಗ್ಯಾ, ಹಗ್ಗ ಎಲ್ಲೈತಿ, ಕರದಂಟ ಐತಲ್ಲ ಇಲ್ಲಿ! ಅಲ್ಮಾಸ, ಕರಕ್ಕ ಅಂಟ ಹಚ್ಕೊಂಡು ಹತ್ತಿ ಬಾ! ನನ್ನ ಮಾತು, ನಾನು ಹೊಸೆದಿಟ್ಟ ಮಾತು, ಅವನೇ ಹೇಳಿಬಿಟ್ಟ, ನಗುತ್ತಿದ್ದಾನೆ, ಭಾಗ್ಯಾಳಿಗಿಂತ ಜೋರಾಗಿ, ಬಂಡೆಯೂ ನಡುಗುವಂತೆ, ಬೇರು ಚಟಕ್ಕೆಂದಿತು, ಅವನಿನ್ನೂ ನಗುತ್ತಿದ್ದಾನೆ, ಮೊಳೆ, ಮೊಳೆಗೆ ನೀಲಿ ಹಗ್ಗ, ಗಾಳಿಗೆ ಅದರ ತುದಿ ಅಲ್ಲಾಡುತ್ತಿದೆ, ಅದರ ತುದಿ —