ಹಾಳೆ ತಿರುಗಿಸಿದ ಸದ್ದು

ಮೊಮ್ಮಗಳು ಮೆಚ್ಚಿದ ಹುಡುಗ ನಮಗೆಲ್ಲ ಹಿಡಿಸಿದ್ದ. ಇನ್ನು ನಾವು ಅವನ ಅಪ್ಪನಿಗೆ ಹಿಡಿಸಬೇಕಿತ್ತು. ಅವರು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವರು. ಅಚ್ಚಾದದ್ದರಲ್ಲೆಲ್ಲ ತಪ್ಪಿದೆ, ಅಚ್ಚಾಗದೆ ಉಳಿದದ್ದರಲ್ಲಿ ಇನ್ನೂ ಹೆಚ್ಚಿದೆ ಎಂದು ನಂಬಿದ ಮನುಷ್ಯ. ನಮ್ಮ ಹುಡುಗಿ ಬೆನ್ನ ಹಿಂದೆ ಅವರಿಗೆ ಕೆಂಪುಶಾಯಿ ಎಂದು ಹೆಸರಿಟ್ಟಿದ್ದಳು.

ಕೆಂಪುಶಾಯಿಯವರಿಗೆ ಒಂದೇ ಹುಚ್ಚು. ಪಿಟೀಲಿಗೂ ಪಿಯಾನೊಗೂ ಸೇರಿಸಿ ಬರೆದ ಹಳೆಯ ಕಾಲದ ಒಂದು ಪಾಶ್ಚಾತ್ಯ ಕೃತಿ, ಸೊನಾಟಾ. ಅದೊಂದನ್ನೇ ಬೇರೆ ಬೇರೆಯವರು ನುಡಿಸಿದ ರೆಕಾರ್ಡುಗಳು ಅವರ ಬೀರುವಿನ ತುಂಬ ಇದ್ದವು. ಸ್ವರಲಿಪಿಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಯಾವ ಪಿಟೀಲುಗಾರ ಎಲ್ಲಿ ಬರೆದದ್ದನ್ನು ಬಿಟ್ಟ, ಎಲ್ಲಿ ತನ್ನದನ್ನು ತುರುಕಿದ ಎಂದು ಕೆಂಪು ಗೆರೆ ಎಳೆಯುವುದು ಅವರ ಭಾನುವಾರದ ಕೆಲಸ. ಸಂಬಂಧ ಬೆಳೆಸಲು ಬಂದವರಿಗೂ ಅದೇ ಪರೀಕ್ಷೆ. ದೊಡ್ಡ ಮಗ ಮೆಚ್ಚಿದ ಹುಡುಗಿಯ ಅಪ್ಪ ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ನಡುವೆ ಚಪ್ಪಾಳೆ ತಟ್ಟಿಬಿಟ್ಟನಂತೆ; ಪೂರ್ತಿ ಮುಗಿಯುವ ತನಕ ತಟ್ಟಬಾರದಂತೆ. ಮಾತುಕತೆ ಅಲ್ಲಿಗೇ ನಿಂತಿತಂತೆ. ದೊಡ್ಡ ಮಗ ಇವತ್ತಿಗೂ ಒಂಟಿ.

ನಮ್ಮ ತೊಂದರೆ ಚಪ್ಪಾಳೆಯದಲ್ಲ, ನಿದ್ದೆಯದು. ನನ್ನ ಅಳಿಯ, ಅಂದರೆ ಮೊಮ್ಮಗಳ ಅಪ್ಪ, ಬಸ್ ಡ್ರೈವರ್. ಬೆಳಕು ಹರಿಯುವ ಮೊದಲೇ ಡಿಪೋ ಸೇರುವವನು. ಸ್ಟೀರಿಂಗ್ ಮುಂದೆ ಬಿಟ್ಟರೆ ಬೇರೆಲ್ಲಿ ಕೂತರೂ ಅವನಿಗೆ ಕಣ್ಣು ಎಳೆಯುತ್ತದೆ. ಹಲ್ಲು ಕೀಳುವ ಡಾಕ್ಟರ ಕುರ್ಚಿಯಲ್ಲಿ ಗೊರಕೆ ಹೊಡೆದು, ಬಾಯಿ ಹೇಗೂ ತೆರೆದೇ ಇತ್ತಲ್ಲ ಎಂದವನು. ಮೊಮ್ಮಗಳು ಒಂದು ವಾರ ಅವನಿಗೆ ತಾಲೀಮು ಕೊಟ್ಟಳು. ತಾಳ ಹಾಕಬಾರದು. ಚೆನ್ನಾಗಿದೆ ಅನ್ನಬಾರದು, ಅಂದರೆ ಯಾಕೆ ಎಂದು ಕೇಳುತ್ತಾರೆ. ನಿದ್ದೆ ಬಂದರೆ ಅಜ್ಜಿ ಚಿವುಟುತ್ತಾರೆ. ನಾನು ತಕರಾರು ಮಾಡಲಿಲ್ಲ. ಅಳಿಯನನ್ನು ಚಿವುಟುವ ಅವಕಾಶ ಎಷ್ಟು ಜನ ಅತ್ತೆಯರಿಗೆ ಸಿಗುತ್ತದೆ?

ಭಾನುವಾರ ಹೋದೆವು. ಕೂತರೆ ಏಳಲಾಗದ ಮೆತ್ತನೆಯ ಸೋಫಾ. ಅದನ್ನು ಕಂಡಾಗಲೇ ನಾನು ಚಿವುಟುವ ಬೆರಳು ಸಜ್ಜುಮಾಡಿಕೊಂಡೆ. ಹುಡುಗನ ಅಮ್ಮ ಚಹಾ, ಬಿಸ್ಕತ್ತು ತಂದಿಟ್ಟು, ಕಚ್ಚುವುದಿದ್ದರೆ ಈಗಲೇ ಕಚ್ಚಿಬಿಡಿ, ರೆಕಾರ್ಡು ಶುರುವಾದ ಮೇಲೆ ಕರಕರ ಅಂದರೆ ಇವರು ತಿರುಗಿ ನೋಡುತ್ತಾರೆ ಎಂದು ಮೆಲ್ಲಗೆ ಹೇಳಿದರು. ಒಂದಾದ ಮೇಲೊಂದು ಮೂವರು ನುಡಿಸಿದ್ದನ್ನು ಕೇಳಿಸುತ್ತೇನೆ, ಬರೆದದ್ದನ್ನು ಬರೆದ ಹಾಗೆ ನುಡಿಸಿದವರು ಯಾರು ಎಂದು ನೀವು ಹೇಳಬೇಕು ಎಂದು ಕೆಂಪುಶಾಯಿಯವರು ಅಳಿಯನಿಗೆ ಹೇಳಿದರು. ಅವನು ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನ ಹಾಗೆ ತಲೆಯಾಡಿಸಿದ.

ಮೊದಲನೆಯ ರೆಕಾರ್ಡು ಹೇಗೋ ಚಿವುಟಿ ದಾಟಿಸಿದೆ. ಎರಡನೆಯದರ ನಿಧಾನದ ಭಾಗ ಬಂದಾಗ ನನ್ನ ಬೆರಳುಗಳು ಸೋತವು. ಅಳಿಯ ಗದ್ದ ಎದೆಗೆ ಊರಿಕೊಂಡು ಎತ್ತಲೋ ಹೋಗಿದ್ದ. ನೋಡುವವರಿಗೆ ಮೈಮರೆತು ಕೇಳುವ ಹಾಗೆ ಕಾಣುತ್ತಿತ್ತು, ಅದೇ ಪುಣ್ಯ.

ಇದ್ದಕ್ಕಿದ್ದ ಹಾಗೆ ಅವನು ನೆಟ್ಟಗೆ ಎದ್ದು ಕೂತ. ಎಡಗಾಲಿನಿಂದ ನೆಲ ಒತ್ತಿದ. ಕೈ ಚಾಚಿ ಪಕ್ಕದಲ್ಲಿದ್ದ ಮೇಜಿನ ದೀಪದ ಕತ್ತು ಹಿಡಿದು ಹಿಂದಕ್ಕೆ ಎಳೆದ. ಕೆಂಪುಶಾಯಿಯವರು ರೆಕಾರ್ಡು ನಿಲ್ಲಿಸಿದರು. ಮೊಮ್ಮಗಳ ಮುಖ ಬಿಳಿಚಿತು.

"ಆ ಜಾಗದಲ್ಲಿ ನಿಮಗೇನೋ ಆಯ್ತು," ಎಂದರು ಅವರು. "ಏನು ಕೇಳಿಸ್ತು?"

ಅಳಿಯನಿಗೆ ಸುಳ್ಳು ಹೇಳಲು ಬಾರದು. ಎದ್ದ ಮಂಪರಿನಲ್ಲಂತೂ ಇನ್ನೂ ಬಾರದು.

"ಹಾಳೆ ತಿರುಗಿಸಿದ್ದು ಕೇಳಿಸ್ತು ಸಾರ್. ಇವನೇ ಸರಿಯಾದವನು. ಪುಸ್ತಕ ಮುಂದಿಟ್ಕೊಂಡು ನುಡಿಸ್ತಿದಾನೆ. ಮೊದಲನೆಯವನದು ಒಂದು ಹಾಳೆನೂ ಅಲ್ಲಾಡಲಿಲ್ಲ. ಬಾಯಿಪಾಠ ಮಾಡ್ಕೊಂಡು ಬಂದವನು ಏನ್ ಸೇರಿಸಿದ ಏನ್ ಬಿಟ್ಟ, ಯಾರು ಕಂಡ್ರು?"

ನನ್ನ ಮಗಳು ಗಂಡನನ್ನು ನೋಡಲಾಗದೆ ಛಾವಣಿ ನೋಡಿದಳು. ಮುಗಿಯಿತು, ಚಪ್ಪಲಿ ಹಾಕಿಕೊಳ್ಳುವುದೇ ಬಾಕಿ ಎಂದುಕೊಂಡೆ ನಾನು. ಆದರೆ ಕೆಂಪುಶಾಯಿಯವರು ರೆಕಾರ್ಡಿನ ಮುಳ್ಳನ್ನು ಹಿಂದಕ್ಕಿಟ್ಟು ಅದೇ ಜಾಗ ಮತ್ತೆ ಕೇಳಿಸಿದರು. ಇಂಥಲ್ಲಿ ಎಂದು ಗೊತ್ತಾದ ಮೇಲೆ ನಮಗೂ ಕೇಳಿಸಿತು. ಪಿಯಾನೊದ ಹಿಂದೆ, ಸರ್ ಎಂದು ಕಾಗದ ಸರಿದ ಸಣ್ಣ ಸದ್ದು. ಅವರು ಪುಸ್ತಕದಲ್ಲಿ ಆ ಜಾಗಕ್ಕೆ ಬೆರಳಿಟ್ಟರು. ಬೆರಳು ಅಲ್ಲೇ ನಿಂತಿತು. ಅದು ಪುಟದ ನಟ್ಟನಡುವೆ ಇತ್ತು. ಪುಟದ ನಡುವೆ ಬಂದು ಹಾಳೆ ತಿರುಗಿಸುವವರು ಯಾರಿದ್ದಾರೆ?

"ಇವರು ನುಡಿಸಿದ್ದು ಬೇರೆ ಪುಸ್ತಕ," ಎಂದರು. ಸ್ವರ ಸಣ್ಣಗಾಗಿತ್ತು.

ಬೀರುವಿನಲ್ಲಿದ್ದ ಪಿಟೀಲುಗಾರರಲ್ಲಿ ಅತಿ ಹೆಚ್ಚು ಕೆಂಪು ಗೆರೆ ತಿಂದವನು ಇವನೇ ಅಂತೆ. ಅವನ ಪುಸ್ತಕವೇ ಬೇರೆಯಾದರೆ ಅವನ ತಪ್ಪುಗಳೂ ತಪ್ಪಲ್ಲದೆ ಇರಬಹುದು. ಅಷ್ಟೇ ಅಲ್ಲ, ಇವರ ಕೈಲಿದ್ದ ಪುಸ್ತಕವೇ ತಪ್ಪಿರಬಹುದು. ಕೆಂಪುಶಾಯಿಯವರು ಪುಸ್ತಕ ಮುಚ್ಚಿ, ಆ ಇನ್ನೊಂದು ಮುದ್ರಣ ಸಿಗುವ ತನಕ ತನಗೆ ಯಾವ ವಿಷಯದಲ್ಲೂ ತೀರ್ಮಾನ ಹೇಳುವ ಯೋಗ್ಯತೆ ಇಲ್ಲ, ಮದುವೆಯ ಮಾತೂ ಆಮೇಲೆ ಎಂದರು.

ಹುಡುಗನ ಅಮ್ಮ ಲೋಟಗಳನ್ನು ಎತ್ತಿಡುತ್ತಾ, ಹಿಂದೊಮ್ಮೆ ಹೀಗೇ ಒಂದು ಪುಸ್ತಕ ಹುಡುಕಲು ಹೊರಟಾಗ ಈ ಹುಡುಗ ಒಂದನೇ ತರಗತಿಯಲ್ಲಿದ್ದ, ಸಿಕ್ಕಾಗ ಮೀಸೆ ಬಂದಿತ್ತು ಎಂದರು. ಹುಡುಗ ಮೀಸೆ ಮುಟ್ಟಿ ನೋಡಿಕೊಂಡ. ಮೊಮ್ಮಗಳ ಕಣ್ಣು ತುಂಬಿತು. ಆದರೆ ಅವಳು ಅಳುತ್ತಲೇ ಯೋಚಿಸುವ ಜಾತಿಯವಳು.

"ಮಾವ, ಹುಡುಕೋದು ಯಾಕೆ? ಯಾರ್ಯಾರು ಎಲ್ಲೆಲ್ಲಿ ಹಾಳೆ ತಿರುಗಿಸಿದಾರೆ ಅಂತ ಗೊತ್ತಾದ್ರೆ, ಯಾರ ಹತ್ರ ಯಾವ ಪುಸ್ತಕ ಇತ್ತು ಅಂತ ಗೊತ್ತಾಗಲ್ವಾ? ಬೀರುವಿನಲ್ಲಿರೋದನ್ನೆಲ್ಲ ನಮ್ಮಪ್ಪ ಕೇಳ್ತಾರೆ."

ಕೆಂಪುಶಾಯಿಯವರು ಅಳಿಯನ ಕಡೆ ತಿರುಗಿದರು. ಮುದ್ರಣಾಲಯಕ್ಕೆ ಹೊಸದಾಗಿ ಬಂದಿಳಿದ ಯಂತ್ರವನ್ನು ನೋಡುವ ಹಾಗೆ ಅವನ ಕಿವಿಗಳನ್ನು ನೋಡಿದರು. ಮೂರನೆಯ ರೆಕಾರ್ಡು ಹಾಕಿದರು. ಅಳಿಯ ಹಣೆ ಗಂಟಿಕ್ಕಿ ಕೇಳಿದ. ಏನೂ ಕೇಳಿಸಲಿಲ್ಲ. ಕಣ್ಣು ಮುಚ್ಚಿ ಕೇಳಿದ. ಇಲ್ಲ.

ಆಗ ನನ್ನ ಮಗಳು ಬಾಯಿ ಬಿಡಬೇಕಾಯಿತು. ಕೊನೆಯ ಸ್ಟಾಪಿನಲ್ಲಿ ಇವರು ಸೀಟಿನಲ್ಲೇ ಮಲಗುತ್ತಾರೆ. ಮುಂದಿನ ಟ್ರಿಪ್ಪಿಗೆ ಹೊತ್ತಾದಾಗ ಕಂಡಕ್ಟರ್ ಟ್ರಿಪ್ ಪುಸ್ತಕದ ಹಾಳೆ ಮಗುಚುತ್ತಾನೆ. ಆ ಸದ್ದಿಗೆ ಎದ್ದು ಗೇರ್ ಹಾಕುತ್ತಾರೆ. ಗುಡುಗಿಗೂ ಏಳದವರು ಅದಕ್ಕೆ ಏಳುತ್ತಾರೆ, ಎಚ್ಚರ ಇದ್ದಾಗ ಮಾತ್ರ ಕೇಳಿಸುವುದಿಲ್ಲ ಎಂದಳು. ಅಂದರೆ ಸೊನಾಟಾದ ನಡುವೆ ಮಲಗಿದ್ದು ಬಯಲಾಯಿತು. ಕೆಂಪುಶಾಯಿಯವರಿಗೆ ಅದು ಬೇಸರ ತರಿಸುವ ಬದಲು ಅವಸರ ತರಿಸಿತು.

"ಹಾಗಾದ್ರೆ ಮಲಗಿ," ಎಂದರು. "ಒಂದು ಹಾಳೆ ಹಿಡಿದುಕೊಡಿ, ಈ ಸಂಬಂಧ ನನಗೆ ಒಪ್ಪಿಗೆ."

ಹುಡುಗನ ಅಮ್ಮ ದಿಂಬು ತಂದರು. ಪರದೆ ಎಳೆದರು. ಹುಡುಗ ಭಾವೀ ಮಾವನ ಕಾಲಿಗೆ ಹೊದಿಕೆ ಹೊದಿಸಿದ. ನಾವೆಲ್ಲ ಅವನನ್ನೇ ನೋಡುತ್ತಾ ಸುತ್ತ ಕೂತೆವು. ಹಲ್ಲು ಕೀಳುವ ಕುರ್ಚಿಯಲ್ಲಿ ಮಲಗಿದ್ದ ಮನುಷ್ಯನಿಗೆ, ಮಗಳ ಮದುವೆ ತನ್ನ ರೆಪ್ಪೆಯ ಮೇಲೆ ಕೂತಾಗ, ನಿದ್ದೆಯೇ ಬರಲಿಲ್ಲ. ಹೊರಳಿದ. ಆಕಳಿಸಿ ನೋಡಿದ, ಆಕಳಿಕೆಯೂ ಸುಳ್ಳಾಗಿತ್ತು.

"ಅತ್ತೆ, ನೀವೆಲ್ಲ ಹೀಗೆ ನೋಡ್ತಿದ್ರೆ ಹೇಗೆ ಬರುತ್ತೆ?" ಎಂದ.

ನಾನು ಕೆಂಪುಶಾಯಿಯವರಿಗೆ, ಹೇಗೂ ಕಾಯುತ್ತಿದ್ದೇವೆ, ಈ ಎರಡು ಮುದ್ರಣಗಳ ಕಥೆ ಏನು ಸ್ವಲ್ಪ ಬಿಡಿಸಿ ಹೇಳಿ ಎಂದೆ. ಅವರ ಮುಖ ಅರಳಿತು. ಬರೆದವನ ಕೈಬರಹದಿಂದಲೇ ಶುರುಮಾಡಿದರು. ಅದನ್ನು ನಕಲು ಮಾಡಿದವನು, ನಕಲಿನ ಮೇಲೆ ಅಚ್ಚು ಮಾಡಿದವನು, ಅಚ್ಚಿನಲ್ಲಿ ಬಿದ್ದುಹೋದ ಚುಕ್ಕಿ. ಚುಕ್ಕಿ ನಿಜವಾಗಿ ಚುಕ್ಕಿಯೋ ಕಾಗದದ ಕಲೆಯೋ ಎನ್ನುವಲ್ಲಿಗೆ ಬರುವಷ್ಟರಲ್ಲಿ ಅಳಿಯನ ಬಾಯಿ ತೆರೆದುಕೊಂಡಿತು. ಪಕ್ಕದಲ್ಲಿ ನನ್ನ ಮಗಳೂ ತೂಕಡಿಸುತ್ತಿದ್ದಳು. ಹುಡುಗ ಮೂರನೆಯ ರೆಕಾರ್ಡಿನ ಮೇಲೆ ಮುಳ್ಳನ್ನು ಮೆಲ್ಲಗೆ ಇಳಿಸಿದ.

ನಿಧಾನದ ಭಾಗ ಅರ್ಧ ದಾಟಿತು. ಮೊಮ್ಮಗಳು ನನ್ನ ಕೈಯನ್ನು ಹಿಂಡುತ್ತಿದ್ದಳು. ಅಳಿಯ ಧಡಕ್ಕನೆ ಎದ್ದು ಕೂತು, "ಹತ್ತಿ ಹತ್ತಿ, ಒಳಗೆ ಹೋಗಿ," ಎಂದ.

ಕೆಂಪುಶಾಯಿಯವರು ಪುಸ್ತಕಕ್ಕೆ ಬಾಗಿದರು. ಆ ಜಾಗ ಪುಟದ ಕೊನೆಯ ಸಾಲಾಗಿತ್ತು. ಈ ಪಿಟೀಲುಗಾರನಾದರೂ ತಮ್ಮ ಪುಸ್ತಕದವನೇ. ಅವರ ಮುಖಕ್ಕೆ ಬಣ್ಣ ಬಂತು. ಅಂಚಿನಲ್ಲಿ ಪೆನ್ಸಿಲಿನ ಗುರುತು ಹಾಕಿ, ತಲೆಯೆತ್ತದೆ, ಅಚ್ಚಿಗೆ ಕೊಡಬಹುದು ಎಂದರು. ಅದು ಒಪ್ಪಿಗೆಯ ಮಾತು ಎಂದು ಹುಡುಗನ ಅಮ್ಮ ನಮಗೆ ಬಿಡಿಸಿ ಹೇಳಬೇಕಾಯಿತು.

ಬೀರುವಿನಲ್ಲಿ ಉಳಿದದ್ದು ಎಷ್ಟೆಂದು ಅಳಿಯ ಕೇಳಿದ. ಕೆಂಪುಶಾಯಿಯವರು ಬೀರುವಿನ ಎರಡನೆಯ ಬಾಗಿಲನ್ನೂ ತೆರೆದು ತೋರಿಸಿದರು. ಅಳಿಯ ಬಹಳ ಹೊತ್ತು ನೋಡಿ, ದಿಂಬು ಇನ್ನೂ ಸ್ವಲ್ಪ ಎತ್ತರದ್ದಾದರೆ ಒಳ್ಳೆಯದು ಬೀಗರೇ ಎಂದ.